ಬುಧವಾರದ ಪಟ್ಟಿಯಲ್ಲಿ ತದಾಲ

ಅಟ್ಟೂರು, ಯಲಹಂಕ
ನವೆಂಬರ್ 6, 2025, ಗುರುವಾರ

ನನ್ನವರಾದ ವಿಜಯ್‌ಗೆ ಮೋನಿಕಾಳ ವಂದನೆಗಳು. ನೀವೂ, ಕ್ಲಿನಿಕ್ಕಿನವರೂ, ನಿಮ್ಮ ಕೈಪಂಪುಗಳೂ ಕರ್ತನ ದಯೆಯಿಂದ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ದಿನಕ್ಕೆರಡು ಸಲ ವಾಟ್ಸಾಪಿನಲ್ಲಿ ‘ಊಟ ಆಯ್ತಾ’ ಅನ್ನುವ ಹೆಂಡತಿ ಇದ್ದಕ್ಕಿದ್ದಂತೆ ಕಾಗದ ಬರೆದಳೆಂದು ಗಾಬರಿಯಾಗಬೇಡಿ. ಆಪರೇಷನ್ನಿನ ಗಾಯ ಪೂರ್ತಿ ವಾಸಿಯಾಗಿದೆ. ಮೆಟ್ಟಿಲು ಹತ್ತಿ ಇಳಿಯುತ್ತೇನೆ, ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದೂ ಬರುತ್ತೇನೆ. ‘ಟಿಕೆಟ್ ಯಾವ ತಾರೀಕಿಗೆ ಮಾಡ್ಲಿ’ ಎಂದು ನೀವು ಎರಡು ತಿಂಗಳಿಂದ ಕೇಳುತ್ತಿದ್ದೀರಿ, ‘ಡಾಕ್ಟರ್ ಹೇಳ್ಬೇಕು ರೀ’ ಎಂದು ನಾನು ಜಾರಿಕೊಳ್ಳುತ್ತಿದ್ದೇನೆ. ಡಾಕ್ಟರು ಸೆಪ್ಟೆಂಬರಿನಲ್ಲೇ ಹೇಳಿಯಾಗಿದೆ. ಸುಳ್ಳಾಡಿದ್ದಕ್ಕೂ ತಡಮಾಡಿದ್ದಕ್ಕೂ ಸೇರಿಸಿ ಒಂದೇ ಸಲ ಕ್ಷಮೆ ಕೇಳುತ್ತಿದ್ದೇನೆ. ನಿಜ ಏನೆಂದರೆ, ವಾಪಸ್ ಬರಬೇಕೋ ಬೇಡವೋ ಎನ್ನುವುದೇ ನನಗೆ ತಿಳಿಯುತ್ತಿಲ್ಲ. ಕಾರಣವನ್ನು ಫೋನಿನಲ್ಲಿ ಹೇಳಲು ನಾಲ್ಕು ಸಲ ನೋಡಿದೆ. ಮಾತು ಆ ಕಡೆ ತಿರುಗಿದ ಕೂಡಲೇ ನಿಮಗೆ ಕೇಳಿಸುವುದು ನಿಂತುಹೋಗುತ್ತದೆ. ಕಾಗದಕ್ಕೆ ಆ ತೊಂದರೆಯಿಲ್ಲ. ನಮ್ಮ ಚರ್ಚ್ ಸಭೆಯ ಡಾಕ್ಟರ್ ನಂದಕುಮಾರ್ ಇಪ್ಪತ್ತೆರಡಕ್ಕೆ ಮಲಾವಿಗೆ ಹೊರಟಿದ್ದಾರೆ, ಮೂರು ತಿಂಗಳು ನಮ್ಮ ಕ್ಲಿನಿಕ್ಕಿನಲ್ಲಿರುತ್ತಾರಂತೆ. ಅವರ ಕೈಯಲ್ಲಿ ಕಳಿಸುತ್ತೇನೆ.

ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ. ಹನ್ನೆರಡು ವರ್ಷ ಆಫ್ರಿಕಾದಲ್ಲಿದ್ದು ಬಂದವಳಿಗೆ ಇಲ್ಲಿ ಎಲ್ಲವೂ ನೋಡಬೇಕಾದದ್ದೇ. ಮಿಷನ್ನಿಗೆ ಸೇರುವ ಮೊದಲು ನೀವು ಪೀಣ್ಯದಲ್ಲಿ ಲೇತ್ ಓಡಿಸುತ್ತಿದ್ದ ಶೆಡ್ಡಿನಲ್ಲಿ ಈಗ ಬಿರಿಯಾನಿ ಹೋಟೆಲ್ ಇದೆ. ಒಳಗೆ ಹೋಗಿ ಅರ್ಧ ಪ್ಲೇಟ್ ತಿಂದೆ, ಲೇತ್ ಎಲ್ಲಿತ್ತು ಎಂದು ನೆಲ ನೋಡುತ್ತಾ. ಮಾಣಿ ಬಂದು, ‘ಏನಾದ್ರೂ ಬೀಳಿಸ್ಕೊಂಡ್ರಾ ಮೇಡಂ’ ಎಂದು ಕೇಳಿದ.

ಸಭೆಯವರು ನನಗೆ ಬಾಡಿಗೆಗೆ ಹಿಡಿದುಕೊಟ್ಟಿರುವುದು ಮುನಿಶಾಮಮ್ಮನವರ ಮನೆಯ ಮೊದಲನೇ ಮಹಡಿ. ಅಟ್ಟೂರು ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವ ಜನ ಅವರದು. ಊರಮ್ಮನಿಗೆ ನಡೆದುಕೊಳ್ಳುವವರು, ಆದರೂ ನಮ್ಮ ಬುಧವಾರದ ಪ್ರಾರ್ಥನಾಕೂಟ ನಡೆಯುವುದು ಅವರ ಹಾಲಿನಲ್ಲೇ. ‘ನಿಮ್ ಪದ ಕೇಳಾಕೆ ಚೆಂದ ಕಣವ್ವ’ ಎಂದು ಅವರೂ ಬಂದು ಕೂರುತ್ತಾರೆ. ನನ್ನನ್ನು ಕಂಡರೆ ಪ್ರಶ್ನೆಗಳ ಮಳೆ. ಅಲ್ಲಿಯ ಜನ ಏನು ತಿನ್ನುತ್ತಾರೆ ಎಂದು ಕೇಳಿದರು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಬೆಳ್ಳಗಿರುತ್ತೆ ಅಂದೆ.

‘ಬಿಳೀ ಮುದ್ದೆನಾ! ನುಂಗ್ತಾರಾ, ಅಗೀತಾರಾ?’

‘ಸ್ವಲ್ಪ ಅಗೀತಾರೆ.’

‘ಅದ್ಕೇ ಅವ್ರಿಗೆ ಕಷ್ಟ’ ಎಂದು ತೀರ್ಪು ಕೊಟ್ಟು ಎದ್ದುಹೋದರು. ಹನ್ನೆರಡು ವರ್ಷದಿಂದ ನೀವು ಪಂಪು ಹಾಕುತ್ತಿದ್ದೀರಿ, ಮೂಲ ಕಾರಣ ಇಲ್ಲಿದೆ ನೋಡಿ.

ಇನ್ನು ಸುತ್ತಿ ಬಳಸುವುದಿಲ್ಲ. ಬುಧವಾರದ ಕೂಟ ನಡೆಸುವವರು ಚನ್ನಕ್ಕ. ನಿಮಗೆ ಗೊತ್ತು, ವಾಚ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಗಡಿಯಾರದ ಮುಳ್ಳು ಜೋಡಿಸಿದ ಕೈ ಅದು, ಯಾವುದನ್ನೂ ಅರ್ಧಕ್ಕೆ ಬಿಡುವುದಿಲ್ಲ. ಅವರ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾರಿಗಾಗಿ ಪ್ರಾರ್ಥನೆ ಕೇಳಿಕೊಂಡಿದ್ದಾರೋ ಅವರ ಹೆಸರೆಲ್ಲ ಅದರಲ್ಲಿ. ಹೆಸರು ಕೊಟ್ಟವರೇ ಬಂದು ‘ಸಾಕು’ ಅನ್ನುವವರೆಗೂ ಚನ್ನಕ್ಕ ಅದನ್ನು ಹೊಡೆದುಹಾಕುವುದಿಲ್ಲ. ಆಗಸ್ಟಿನಲ್ಲಿ ನಾನು ಮೊದಲ ಸಲ ಹೋಗಿ ಕೂತಾಗ ಹದಿನಾಲ್ಕನೆಯ ಹೆಸರು ಓದಿದರು: ‘ಮಲಾವಿಯ ತದಾಲ.’

ಚನ್ನಕ್ಕ ಕಣ್ಣು ಮುಚ್ಚಿಕೊಂಡು, ಎದುರಿಗೆ ಕೂತವರ ಹತ್ತಿರ ಮಾತಾಡುವ ಹಾಗೆ, ‘ಕರ್ತನೇ, ನಮ್ ತದಾಲಂಗೆ ಹತ್ತೊಂಬತ್ತು ತುಂಬಿದೆ. ನರ್ಸಿಂಗ್ ಸೀಟು ಕೊಡ್ಸಪ್ಪ. ಹಾಸ್ಟೆಲ್ ಊಟ ಒಗ್ಗಲಿ. ಮುಂದಕ್ಕೆ ಒಳ್ಳೇ ವಿಶ್ವಾಸಿ ಹುಡುಗ ಸಿಗಲಿ, ಕುಡಿಯೋನು ಬೇಡ’ ಅಂದರು. ಎಲ್ಲರೂ ಆಮೆನ್ ಅಂದರು. ನಾನೂ ಅಂದೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಏಕೆಂದರೆ ನಾವಿಬ್ಬರೂ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಕೊಂಡಿಲ್ಲ. ನಮ್ಮ ಕ್ಲಿನಿಕ್ಕಿನ ಅಡುಗೆಯ ಗ್ರೇಸಳ ಮಗಳು ತದಾಲ, ನನ್ನ ಸೆರಗು ಹಿಡಿದು ಓಡಾಡಿ ‘ಬಾ’, ‘ಸಾಕು’, ‘ಆಮೇಲೆ’ ಎಂದು ಮೂರು ಕನ್ನಡ ಮಾತು ಕಲಿತಿದ್ದ ತದಾಲ, ಹತ್ತು ವರ್ಷದ ಹಿಂದೆ, ಫೆಬ್ರವರಿಯ ಮಳೆಯಲ್ಲಿ, ಮಲೇರಿಯಾ ತಲೆಗೇರಿ ಸತ್ತುಹೋದಳು. ಅವಳಿಗೆ ಒಂಬತ್ತು ವರ್ಷ. ಅದೇ ದಿನ ಬೆಳಿಗ್ಗೆ ಹೊರಟ ನಮ್ಮ ಪ್ರಾರ್ಥನಾಪತ್ರದಲ್ಲಿ, ಮೂರು ತಿಂಗಳಿಗೊಮ್ಮೆ ಸಭೆಗೆ ಕಳಿಸುವ ಆ ಪತ್ರದಲ್ಲಿ, ‘ತದಾಲಳ ಜ್ವರ ಬಿಟ್ಟಿದೆ, ದೇವರಿಗೆ ಸ್ತೋತ್ರ. ನಿಶ್ಶಕ್ತಿಯಿದೆ, ಪ್ರಾರ್ಥಿಸುತ್ತಿರಿ’ ಎಂದು ನಾನು ಬರೆದಿದ್ದೆ. ಇವರು ಪ್ರಾರ್ಥಿಸುತ್ತಲೇ ಇದ್ದಾರೆ.

‘ಮುಂದಿನ ಪತ್ರದಲ್ಲಿ ಬರೆಯೋಣ’ ಅಂದಿರಿ ನೀವು. ಮುಂದಿನದರಲ್ಲಿ ಹೊಸ ಬೋರ್‌ವೆಲ್ ಬಂತು. ಅದರ ಮುಂದಿನದರಲ್ಲಿ ಸ್ನಾನದೀಕ್ಷೆ ಬಂತು. ಸಾವಿನ ಸುದ್ದಿ ಹಳೆಯದಾದಷ್ಟೂ ಬರೆಯುವುದು ಕಷ್ಟವಾಯಿತು. 2019ರಲ್ಲಿ ಇಪ್ಪತ್ತು ದಿನಕ್ಕೆ ಬಂದಾಗ ಚರ್ಚಿನ ಗೇಟಿನಲ್ಲಿ ಚನ್ನಕ್ಕ ಕೇಳಿಯೇ ಕೇಳಿದರು. ‘ಚೆನ್ನಾಗಿದ್ದಾಳಮ್ಮ, ಸ್ಕೂಲಿಗೆ ಹೋಗ್ತಾಳೆ’ ಅಂದುಬಿಟ್ಟಿರಿ. ನಾನು ಪಕ್ಕದಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಆದ್ದರಿಂದ ತಪ್ಪು ಚನ್ನಕ್ಕನದಲ್ಲ.

ಇನ್ನೊಂದು ನಾಚಿಕೆಯ ಮಾತಿದೆ. ನಿಮಗೆ ಗೊತ್ತಲ್ಲ, ನನ್ನದು ಕೆದಕುವ ಬುದ್ಧಿ. ಆಗಸ್ಟಿನಿಂದ ಒಂದು ಬುಧವಾರವೂ ತಪ್ಪಿಸದೆ ನಾನು ಹೋಗುತ್ತಿರುವುದು ದೇವಭಕ್ತಿಯಿಂದಲ್ಲ, ಕುತೂಹಲದಿಂದ. ಈ ವಾರ ತದಾಲ ಏನು ಮಾಡುತ್ತಿದ್ದಾಳೆ ಎಂದು ತಿಳಿಯಲು. ಇವರು ಅವಳನ್ನು ಬೆಳೆಸಿಬಿಟ್ಟಿದ್ದಾರೆ ರೀ. ಹನ್ನೆರಡು ವರ್ಷಕ್ಕೆ ದೊಡ್ಡವಳಾಗಿದ್ದಾಳೆ ಎಂದು ಲೆಕ್ಕ ಹಾಕಿ ಕಾಪಾಡಲು ಬೇಡಿಕೊಂಡಿದ್ದಾರೆ. ಎಸ್ಸೆಸ್ಸೆಲ್ಸಿಗೆ ಉಪವಾಸ ಮಾಡಿದ್ದಾರೆ, ಪಿಯುಸಿಯಲ್ಲಿ ಫಿಸಿಕ್ಸ್ ಕಷ್ಟವಾಗಬಾರದೆಂದು ಕೇಳಿದ್ದಾರೆ. ಮಲಾವಿಯಲ್ಲಿ ಪಿಯುಸಿ ಇಲ್ಲವೆಂದು ಯಾರಿಗೂ ಹೊಳೆದಿಲ್ಲ. ಮುನಿಶಾಮಮ್ಮ ತಮ್ಮ ಊರಮ್ಮನಿಗೂ ಅವಳ ಹೆಸರಿನಲ್ಲಿ ಅರಿಶಿನದ ದಾರ ಕಟ್ಟಿಸಿದ್ದಾರಂತೆ, ‘ಒಬ್ರು ಕೇಳಿಸ್ಕಳ್ದಿದ್ರೆ ಇನ್ನೊಬ್ರು’ ಎಂದು. ಅವಳು ಎಷ್ಟು ಎತ್ತರ ಇರಬಹುದು ಎಂದು ಕೂಟ ಮುಗಿದ ಮೇಲೆ ಚರ್ಚೆಯಾಗುತ್ತದೆ. ನನ್ನ ಭುಜಕ್ಕೆ ಬರುತ್ತಾಳಾ ಎಂದು ಚನ್ನಕ್ಕ ಕೇಳಿದಾಗ ನಾನು ಯೋಚಿಸಿ, ಇನ್ನೂ ಸ್ವಲ್ಪ ಮೇಲೆ, ಅಂದೆ. ಹಾಗೆ ಹೇಳುವಾಗ ಎಷ್ಟು ಸಂತೋಷವಾಯಿತೆಂದರೆ ಆಮೇಲೆ ಮಹಡಿಗೆ ಬಂದು ಅತ್ತುಬಿಟ್ಟೆ.

ನಿನ್ನೆ ಎಲ್ಲಕ್ಕೂ ಕುತ್ತು ಬಂತು. ‘ಡಿಸೆಂಬರ್ ಸ್ತೋತ್ರಕೂಟದಾಗೆ ಆ ಮಗೀನ ವೀಡಿಯೋ ಕಾಲ್‌ನಾಗೆ ತೋರ್ಸವ್ವ. ಇಷ್ಟು ವರ್ಸ ಮುಖ ನೋಡ್ದಲೆ ಬೇಡ್ಕೊಂಡಿದೀವಿ’ ಅಂದರು ಮುನಿಶಾಮಮ್ಮ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಚನ್ನಕ್ಕ ಆಗಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಬರುವ ಬುಧವಾರ ಹೇಳಿಬಿಡಬೇಕೆಂದಿದ್ದೇನೆ. ನಿಮ್ಮ ಭಯ ನನಗೆ ಗೊತ್ತಿದೆ. ಒಂದು ಪತ್ರ ಸುಳ್ಳಾದರೆ ಹನ್ನೆರಡು ವರ್ಷದ ಪತ್ರಗಳನ್ನೂ ಸಭೆ ತಿರುವಿ ನೋಡುತ್ತದೆ, ನಮ್ಮನ್ನು ವಾಪಸ್ ಕರೆಸಿಕೊಂಡರೂ ಕರೆಸಿಕೊಳ್ಳಬಹುದು. ಆದರೆ ಸತ್ತ ಮಗುವಿಗೆ ಗಂಡು ಹುಡುಕುವ ಪ್ರಾರ್ಥನೆಗೆ ಇನ್ನೊಂದು ಸಲ ಆಮೆನ್ ಅನ್ನಲು ನನ್ನಿಂದಾಗುವುದಿಲ್ಲ.

ನವೆಂಬರ್ 13, ಗುರುವಾರ

ಹೇಳಿಬಿಟ್ಟೆ.

ಅವರೇಕಾಯಿ ಹೊಸದಾಗಿ ಬಂದಿದೆಯಲ್ಲ, ಕೂಟ ಮುಗಿದ ಮೇಲೆ ಮುನಿಶಾಮಮ್ಮ ನೆನೆಸಿದ ಕಾಳಿನ ಪಾತ್ರೆ ತಂದು ನಡುವೆ ಇಟ್ಟರು. ಐದಾರು ಜನ ಸುತ್ತ ಕೂತು ಬೇಳೆ ಹಿಚುಕುತ್ತಿದ್ದೆವು. ತಲೆಯ ಮೇಲೆ ಏರ್‌ಫೋರ್ಸಿನ ವಿಮಾನ ಹೋಯಿತು. ಅದರ ಸದ್ದು ಅಡಗಲೆಂದು ಎಲ್ಲರೂ ಮಾತು ನಿಲ್ಲಿಸಿದರು. ಅಡಗಿದ ಮೇಲೆ ನಾನು, ‘ತದಾಲ ಇಲ್ಲ ಚನ್ನಕ್ಕ. 2015ರಲ್ಲೇ ತೀರ್ಕೊಂಡ್ಳು. ನಾವು ನಿಮಗೆ ಹೇಳ್ಲಿಲ್ಲ’ ಅಂದೆ. ಇಷ್ಟೇ. ವಾರವೆಲ್ಲ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ಬರಲಿಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಮೊದಲು ಬೈಯಲಿಲ್ಲ. ಮುನಿಶಾಮಮ್ಮ ಕೈ ಒರೆಸಿಕೊಂಡು, ‘ಎಲ್ಲಿ ಮಣ್ ಮಾಡುದ್ರವ್ವ?’ ಎಂದು ಕೇಳಿದರು.

ಊರಾಚೆ ಮರಗಳ ತೋಪಿನಲ್ಲಿ ಅಂದೆ. ಅಲ್ಲಿ ಸಮಾಧಿ ಇರುವ ಕಡೆ ಮರ ಕಡಿಯುವುದಿಲ್ಲ, ಹಾಗಾಗಿ ಬಿಸಿಲು ನೆಲಕ್ಕೆ ಬೀಳದಷ್ಟು ದಟ್ಟವಾಗಿರುತ್ತದೆ ಅಂದೆ. ಮೈ ಯಾರು ತೊಳೆದರು? ಗ್ರೇಸೂ ನಾನೂ. ಏನು ಉಡಿಸಿದಿರಿ? ನನ್ನ ಹಸಿರು ಸೀರೆಯ ತುಂಡಿನಲ್ಲಿ ಹೊಲಿದ ಲಂಗ ಇತ್ತು, ಅದನ್ನೇ. ತಾಯಿ ಅತ್ತಳಾ? ಮೊದಲ ದಿನ ಇಲ್ಲ, ಮೂರನೇ ದಿನ ಒಲೆ ಹಚ್ಚುವಾಗ ಅತ್ತಳು. ನೀನು ಅಳಲಿಲ್ವಾ ಮೋನಿಕಾ? ನಾನು ಅವತ್ತು ಮಧ್ಯಾಹ್ನವೂ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟೆ.

ನೋಡಿ, ಹತ್ತು ವರ್ಷದಲ್ಲಿ ಒಬ್ಬರೂ ನನ್ನನ್ನು ಇದನ್ನೆಲ್ಲ ಕೇಳಿರಲಿಲ್ಲ. ಕೇಳುವವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದ ನೀವು ಕೇಳಲಿಲ್ಲ. ಅವರು ಕೇಳಿದ ಹಾಗೆಲ್ಲ ನಾನು ಹೇಳುತ್ತಾ ಹೋದೆ, ಅವಳ ಮುಂದಿನ ಹಲ್ಲು ಮುರಿದದ್ದು ಹೇಗೆ, ಮಾವಿನಕಾಯಿಗೆ ಉಪ್ಪು ಎಲ್ಲಿಂದ ಕದಿಯುತ್ತಿದ್ದಳು, ಎಲ್ಲ. ಬಾಯಿ ನಿಲ್ಲಲೇ ಇಲ್ಲ.

ಚನ್ನಕ್ಕ ಒಂದೇ ಕೇಳಿದರು. ‘ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗೋಕೆ ಗಾಡಿ ಇರ್ಲಿಲ್ವಾ?’

ಜೀಪ್ ನೀವು ತೆಗೆದುಕೊಂಡು ಹೋಗಿದ್ದಿರಿ, ನಲವತ್ತು ಕಿಲೋಮೀಟರ್ ಆಚೆ ಹೊಸ ಪಂಪಿನ ಪ್ರತಿಷ್ಠೆಯ ಪ್ರಾರ್ಥನೆಗೆ, ಕತ್ತಲಾಗುವ ಹೊತ್ತಿಗೆ ಬಂದಿರಿ ಅಂದೆ. ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುವಾಗ ಸಿಟ್ಟು ಬಂತು ಅವರಿಗೆ. ‘ನೀವು ನಮ್ಮನ್ನ ಏನಂದ್ಕೊಂಡಿದೀರಾ ಮೋನಿಕಾ? ಒಳ್ಳೇ ಸುದ್ದಿ ಕಳ್ಸಿದ್ರೆ ಮಾತ್ರ ಜೊತೇಲಿರೋ ಜನ ಅಂತಾನಾ? ನನ್ ಗಂಡ ಹೋದಾಗ ನಾನು ನಿಮ್ಗೆ ಬರ್ದಿದ್ನಲ್ಲ. ನೀವು ನಂಗ್ಯಾಕೆ ಬರೀಲಿಲ್ಲ?’ ಅಂದರು. ಕಾಫಿ ಕುಡಿಯದೇ ಹೋದರು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಹಿಚುಕಿದ ಬೇಳೆಯನ್ನು ಮುನಿಶಾಮಮ್ಮ ಅರ್ಧ ನನಗೇ ಕೊಟ್ಟು ಕಳಿಸಿದರು. ಸಾರು ಮಾಡಲು ಮನಸ್ಸಾಗಲಿಲ್ಲ, ಫ್ರಿಜ್ಜಿನಲ್ಲಿಟ್ಟಿದ್ದೇನೆ.

ನವೆಂಬರ್ 20, ಗುರುವಾರ

ಈ ವಾರವೆಲ್ಲ ನನ್ನ ತಲೆ ತಿಂದ ಪ್ರಶ್ನೆಯೊಂದಿದೆ, ನೀವು ದೇವಶಾಸ್ತ್ರ ಓದಿದವರು ಹೇಳಬೇಕು. ಹತ್ತು ವರ್ಷ, ಪ್ರತಿ ಬುಧವಾರ, ಏಳೆಂಟು ಹೆಂಗಸರು ಮಾಡಿದ ಆ ಪ್ರಾರ್ಥನೆಗಳೆಲ್ಲ ಎಲ್ಲಿಗೆ ಹೋದವು? ಸಭಾಪಾಲಕರನ್ನು ಕೇಳಿದೆ. ದೇವರಿಗೆ ಎಲ್ಲ ತಿಳಿದಿದೆ ಅಂದರು. ಅದು ನನಗೂ ಗೊತ್ತಿತ್ತು. ಮುನಿಶಾಮಮ್ಮನನ್ನು ಕೇಳಿದೆ. ಮೆಟ್ಟಿಲು ಗುಡಿಸುತ್ತಿದ್ದವರು ತಲೆಯನ್ನೂ ಎತ್ತದೆ, ‘ಇನ್ಯಾವ್ದೋ ಹುಡ್ಗೀಗೆ ನರ್ಸಿಂಗ್ ಸೀಟ್ ಸಿಕ್ಕಿರ್ತದೆ ಬುಡವ್ವ’ ಅಂದರು. ನನಗೇಕೋ ಈ ಉತ್ತರದ ಮೇಲೆ ಹೆಚ್ಚು ವಿಶ್ವಾಸ ಬರುತ್ತಿದೆ. ಎಲ್ಲೋ ಒಂದು ಹುಡುಗಿ ಫಿಸಿಕ್ಸ್ ಇಷ್ಟು ಸುಲಭ ಹೇಗಾಯಿತೆಂದು ಆಶ್ಚರ್ಯಪಡುತ್ತಿರಬಹುದು.

ನಿನ್ನೆ ಚನ್ನಕ್ಕ ಬರುವುದಿಲ್ಲ ಎಂದುಕೊಂಡೇ ಕೆಳಗಿಳಿದೆ. ಬಂದಿದ್ದರು. ನನ್ನ ಮುಖ ನೋಡಲಿಲ್ಲ. ಎಂದಿನಂತೆ ಹೆಸರುಗಳನ್ನು ಓದಿಕೊಂಡು ಹೋದರು. ಹದಿಮೂರಾಯಿತು. ನಾನು ತಲೆ ತಗ್ಗಿಸಿದೆ. ಅವರು ಹದಿನಾಲ್ಕನೆಯದು ಓದಿದರು: ‘ತದಾಲಳ ತಾಯಿ ಗ್ರೇಸ್.’

ಆಮೇಲೆ ಕನ್ನಡಕ ತೆಗೆದು, ‘ಹತ್ತು ವರ್ಷ ಈ ಹೆಂಗಸನ್ನ ನಾವು ಮರ್ತೇಬಿಟ್ಟಿದ್ವಲ್ಲ. ಮಗೂನ್ ಕಳ್ಕೊಂಡೋಳು ಅವ್ಳು, ನಾವು ಅವ್ಳ ಹೆಸ್ರು ಒಂದ್ಸಲಾನೂ ಎತ್ಲಿಲ್ಲ’ ಅಂದರು. ಪ್ರಾರ್ಥನೆ ಮಾಡಲು ನನಗೇ ಹೇಳಿದರು. ನಾನು ಗ್ರೇಸಳ ಹೆಸರು ಹೇಳಿ ಮುಂದೇನು ಬೇಡಬೇಕೆಂದು ತಿಳಿಯದೆ ನಿಂತೆ. ಅವಳು ಈಗಲೂ ದಿನಾ ನಮಗೆ ಅಡುಗೆ ಮಾಡಿ ಹಾಕುತ್ತಾಳೆ, ಅವಳಿಗೆ ಏನು ಬೇಕೆಂದು ನಾನೂ ಕೇಳಿಲ್ಲ. ದಯವಿಟ್ಟು ನೀವು ಕೇಳಿ. ಕೇಳಿ ನನಗೆ ತಿಳಿಸಿ, ಇಲ್ಲಿ ಕಾಯುತ್ತಿದ್ದಾರೆ.

ಕೂಟ ಮುಗಿದ ಮೇಲೆ ಚನ್ನಕ್ಕ ನನ್ನ ಪಕ್ಕಕ್ಕೆ ಬಂದು, ‘ನೀನೂ ವಿಜಯೂ ಆ ಮಗೂ ಬಗ್ಗೆ ಮಾತಾಡ್ತೀರಾ?’ ಎಂದು ಕೇಳಿದರು. ಇಲ್ಲ ಅಂದೆ. ‘ಒಂದ್ಸಲಾನೂ?’ ಇಲ್ಲ. ‘ಅದೆಂಗೆ ಒಂದೇ ತಟ್ಟೇಲಿ ಉಣ್ತೀರೋ’ ಅಂದರು. ಬೈಗುಳವಾಗಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ವಾಪಸ್ ಬರಬೇಕೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದದ್ದು ಇದಕ್ಕೇ ಎಂದು ಆಗ ಗೊತ್ತಾಯಿತು. ಮಲಾವಿಗೆ ಬರಲು ನನಗೆ ಭಯವಿಲ್ಲ. ಆ ಮನೆಯ ಮೌನಕ್ಕೆ ಬರಲು ಭಯ.

ಸಭಾಪಾಲಕರಿಗೆ ಎಲ್ಲವನ್ನೂ ಹೇಳಿದ್ದೇನೆ. ಡಿಸೆಂಬರ್ ಕಮಿಟಿಯಲ್ಲಿ ಮಾತಾಡುತ್ತಾರಂತೆ. ನಮ್ಮನ್ನು ಮುಂದುವರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಕರೆಸಿಕೊಂಡರೆ ಪೀಣ್ಯದಲ್ಲಿ ಇನ್ನೂ ಲೇತ್‌ಗಳಿವೆ, ನಿಮ್ಮ ಕೈ ಮರೆತಿರಲಾರದು.

ನಂದಕುಮಾರ್ ಹತ್ತಿರ ನಿಮಗೆ ಹುರಿದ ಹಿಟ್ಟು, ಮಾತ್ರೆಗಳು, ಗ್ರೇಸಳಿಗೆ ಒಂದು ಸೀರೆ ಕಳಿಸಿದ್ದೇನೆ. ಸೀರೆ ಚನ್ನಕ್ಕ ಕೊಟ್ಟದ್ದು ಎಂದೇ ಹೇಳಿ. ಮೈ ಕಡೆ ಗಮನವಿರಲಿ, ಮಳೆ ಶುರುವಾಗುವ ಕಾಲ, ಸೊಳ್ಳೆ ಪರದೆ ಬಿಡಬೇಡಿ. ನಮ್ಮಿಬ್ಬರನ್ನೂ ಇಷ್ಟು ದೂರ ನಡೆಸಿದ ಕರ್ತನು ನಿಮ್ಮ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ, ನಿಮಗೆ ನಿದ್ರೆ ಕೊಡಲಿ.

ನಿಮ್ಮ
ಮೋನಿಕಾ

ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬಾರದ ಮಾತು: ಜೀಪಿನ ವಿಷಯ. ಅವತ್ತಿನಿಂದ ನೀವು ಅದರ ಸ್ಟೀರಿಂಗ್ ಮುಟ್ಟಿಲ್ಲ. ಹತ್ತು ವರ್ಷದಿಂದ ಬಿಸಿಲಲ್ಲಿ ಸೈಕಲ್ ತುಳಿದು ಪಂಪು ರಿಪೇರಿಗೆ ಹೋಗುತ್ತೀರಿ. ಊರವರು ಅದನ್ನು ದೀನತೆ ಅಂದುಕೊಂಡಿದ್ದಾರೆ. ನಾನು ಪ್ರಾರ್ಥನಾಪತ್ರದಲ್ಲೂ ಹಾಗೇ ಬರೆದೆ. ಅದು ಏನೆಂದು ನನಗೆ ಗೊತ್ತಿತ್ತು, ಆದರೂ ತುಳಿಯಲು ಬಿಟ್ಟೆ. ಅವತ್ತು ಬೆಳಿಗ್ಗೆ ಪತ್ರವನ್ನು ಪೆನ್ ಡ್ರೈವ್‌ನಲ್ಲಿ ನಿಮ್ಮ ಕೈಗೆ ಕೊಡಬೇಕಿತ್ತು, ಪೇಟೆಯ ಇಂಟರ್‌ನೆಟ್ ಅಂಗಡಿಯಿಂದ ನೀವು ಕಳಿಸುವವರಿದ್ದಿರಿ. ನೀವು ಹೊರಗೆ ಹಾರ್ನ್ ಹೊಡೆಯುತ್ತಿದ್ದಿರಿ. ನಮ್ಮಲ್ಲಿ ಹೇಳಿಕೊಡುತ್ತಾರಲ್ಲ, ಆಗಬೇಕಾದ್ದಕ್ಕೆ ಆಗುವ ಮೊದಲೇ ಸ್ತೋತ್ರ ಹೇಳಿ, ಅದೇ ನಂಬಿಕೆ ಎಂದು. ಹಾಗೆ ನಂಬಿ ‘ಜ್ವರ ಬಿಟ್ಟಿದೆ, ದೇವರಿಗೆ ಸ್ತೋತ್ರ’ ಎಂದು ಟೈಪ್ ಮಾಡಿದೆ. ಪೆನ್ ಡ್ರೈವ್ ಕೊಡಲು ಹೊರಗೆ ಓಡಿಬಂದಾಗ ನೀವು ಎಂಜಿನ್ ಆರಿಸಿ ಕೇಳಿದಿರಿ, ‘ಮಗು ಹೇಗಿದೆ, ಜೀಪ್ ಬಿಟ್ಟು ಹೋಗ್ಲಾ?’ ಎಂದು. ‘ಜ್ವರ ಬಿಟ್ಟಿದೆ, ನೀವು ಹೋಗ್ಬನ್ನಿ’ ಅಂದೆ. ನರ್ಸ್ ಹೇಳಿದ್ದಾಳೆಂದು ನಂಬಿ ಹೊರಟಿರಿ. ಥರ್ಮಾಮೀಟರ್ ನನ್ನ ಜೇಬಿನಲ್ಲೇ ಇತ್ತು. ಅವಳು ಪಕ್ಕದ ಕೋಣೆಯಲ್ಲೇ ಮಲಗಿದ್ದಳು. ಅವತ್ತು ಬೆಳಿಗ್ಗೆ ನಾನು ಅವಳ ಹಣೆ ಮುಟ್ಟಿಯೂ ನೋಡಿರಲಿಲ್ಲ ರೀ.